ಜಾರ್ಜ್ ಸೈಮನ್ ಓಮ್ (1789–1854)

ವಿದ್ಯುತ್ ರೋಧದ ಮಾನಕ್ಕೆ ಯಾರ ಹೆಸರನ್ನು ಇಡಲಾಗಿದೆಯೋ ಆ ಜಾರ್ಜ್ ಸೈಮನ್ ಓಮ್ ಅವರು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ 1789ರ ಮಾರ್ಚ್ 16ರಂದು ಜನಿಸಿದರು. ಬೀಗ ತಯಾರಿಸುತ್ತಿದ್ದ ತಂದೆಯೇ ಅವರಿಗೆ ಗಣಿತ ಕಲಿಸಿದರು.

1817ರಲ್ಲಿ ಕಲೋನ್ ನಗರದ ಶಾಲೆಯೊಂದರ ಅಧ್ಯಾಪಕರಾದ ಓಮ್, ಬೇರೆ ಬೇರೆ ಉದ್ದದ ತಂತಿಗಳಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯತೊಡಗಿದರು. ಬ್ಯಾಟರಿಯ ಬಲ ಏರಿಳಿಯುತ್ತಿದ್ದ ಕಾರಣ, 1826ರಲ್ಲಿ ಒಂದು ತುದಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದ ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಣೆಯಿಂದ ಸ್ಥಿರ ವಿದ್ಯುತ್ ಪಡೆದರು.

ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ ಎಂಬುದು ಅವರ ನಿಯಮದ ಸಾರ. ಇವೆರಡನ್ನು ಗುಣಿಸಿದರೆ ದೊರೆಯುವುದು ವಿದ್ಯುತ್ ಸಾಮರ್ಥ್ಯ. ಉದಾಹರಣೆಗೆ, 230 ವೋಲ್ಟ್‌ನಲ್ಲಿ 5 ಆಂಪಿಯರ್ ಪಡೆಯುವ ಹೀಟರಿನ ರೋಧ 46 ಓಮ್. ಸಾಮರ್ಥ್ಯ 1150 ವ್ಯಾಟ್.

1827ರಲ್ಲಿ ಪ್ರಕಟವಾದ ಅವರ ಗ್ರಂಥಕ್ಕೆ ಸ್ವದೇಶದಲ್ಲಿ ತಕ್ಕ ಮನ್ನಣೆ ಸಿಗಲಿಲ್ಲ. ನಿರೀಕ್ಷಿಸಿದ ವಿಶ್ವವಿದ್ಯಾನಿಲಯದ ಹುದ್ದೆಯೂ ದೊರೆಯದೆ, ಕಲೋನ್ ಶಾಲೆಯ ಹುದ್ದೆಗೆ ರಾಜೀನಾಮೆ ನೀಡಿದರು. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಸೇರುವವರೆಗೂ ಅವರಿಗೆ ಸ್ಥಿರವಾದ ನೆಲೆ ಇರಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲಿ ಪದಕ ನೀಡಿ ಗೌರವಿಸಿತು. ಮ್ಯೂನಿಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠ ದೊರೆತದ್ದು 1852ರಲ್ಲಿ. ಎರಡೇ ವರ್ಷಗಳಲ್ಲಿ, 1854ರ ಜುಲೈ 6ರಂದು ಅವರು ನಿಧನರಾದರು.

1881ರ ಪ್ಯಾರಿಸ್ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಮಾನವಾಗಿ ಓಮ್ ಅನ್ನು ಅಂಗೀಕರಿಸಿತು.