ಸಮಾಜಿ ತೀರಿಸಿದ ಹರಕೆ

ನೆಹರು ನಗರದ ಆಸ್ಪತ್ರೆಯ ವರಾಂಡಾದಲ್ಲಿ ಒಂದು ರಾತ್ರಿ ಕಳೆದವರಿಗೆ ಹರಕೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ತೀವ್ರ ನಿಗಾ ಘಟಕದಲ್ಲಿ ಮನೆಯವರೊಬ್ಬರು. ಹೊರಗೆ ಚಾಪೆಯ ಮೇಲೆ ಖಾನಾಪುರದ ಕಡೆಯ ಹಳ್ಳಿಯಿಂದ ಬಂದ ತಾಯಿ, ಕೈಯಲ್ಲಿ ಜಪಸರ. ಮಗ ಎದ್ದು ಕುಳಿತರೆ ಹಳೇ ಗೋವೆಗೆ ನಡೆದು ಹೋಗುತ್ತೇನೆ, ವೇಲಾಂಕಣಿಗೆ ಹೋಗಿ ಮುಡಿ ಕೊಡುತ್ತೇನೆ ಎಂದು ಆಕೆ ಮನದಲ್ಲೇ ಮಾತು ಕೊಡುತ್ತಾಳೆ. ರೋಗಿಗಳಿಗೆ ಅಭ್ಯಂಗ ಸಂಸ್ಕಾರ ಕೊಡಲು ಹೋದಾಗ ಇಂಥ ಹರಕೆಗಳಿಗೆ ನಾನು ಎಷ್ಟೋ ಸಲ ಸಾಕ್ಷಿಯಾಗಿದ್ದೇನೆ. ಕೆಲವು ತಾಯಂದಿರು ಮಗನ ಕೈ ಹಿಡಿದು ಮನೆಗೆ ಹೋಗುತ್ತಾರೆ. ಕೆಲವರು ಶವದೊಂದಿಗೆ ಹೋಗುತ್ತಾರೆ. ತನ್ನ ಹರಕೆಯಲ್ಲಿ ಏನು ಕಡಿಮೆಯಾಯಿತು ಎಂದು ಆ ಎರಡನೆಯ ತಾಯಿ ಕೇಳಿದಾಗ ಸೆಮಿನರಿಯಲ್ಲಿ ಕಲಿತ ಉತ್ತರಗಳು ಬಾಯಿಗೆ ಬರುವುದಿಲ್ಲ.

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಕನ್ನಡನಾಡಿನ ಸೆರೆಯಲ್ಲಿ ಹರಕೆ ಹೊತ್ತ ಒಬ್ಬ ಯೆಹೂದ್ಯನ ಬಾಳನ್ನು ನಿಮಗೆ ಹೇಳಬೇಕೆಂದಿದ್ದೇನೆ. ಆತನ ಹೆಸರು ಸಮುವೇಲ್ ಎಝೆಕಿಯೇಲ್ ದಿವೇಕರ್. ತನ್ನವರ ನಡುವೆ ಆತ ಸಮಾಜಿ ಹಸಾಜಿ ದಿವೇಕರ್.

ದಿವೇಕರ್ ಎಂಬ ಅಡ್ಡಹೆಸರು ಬೆಳಗಾವಿಯವರಿಗೆ ಹೊಸದೆನಿಸದು. ಊರ ಹೆಸರಿಗೆ 'ಕರ್' ಸೇರಿಸಿ ಮನೆತನದ ಹೆಸರು ಮಾಡಿಕೊಳ್ಳುವ ಪದ್ಧತಿ ನಮ್ಮ ಸುತ್ತಲೂ ಇದೆ. ಘಟ್ಟದ ಕೆಳಗಿನ ಕೊಂಕಣದಲ್ಲಿ ಶತಮಾನಗಳಿಂದ ನೆಲೆಸಿದ ಯೆಹೂದ್ಯರೂ ಹಾಗೆಯೇ ಮಾಡಿಕೊಂಡರು. ಅವರು ತಮ್ಮನ್ನು ಬೆನೆ ಇಸ್ರೇಲ್, ಅಂದರೆ ಇಸ್ರಯೇಲಿನ ಮಕ್ಕಳು ಎಂದು ಕರೆದುಕೊಂಡರು. ಮರಾಠಿ ಆಡಿದರು, ಗಾಣ ತಿರುಗಿಸಿ ಎಣ್ಣೆ ತೆಗೆದರು. ಸಬ್ಬತ್ ದಿನವಾದ ಶನಿವಾರ ಅವರ ಗಾಣ ನಿಲ್ಲುತ್ತಿತ್ತು. ಆದ್ದರಿಂದ ನೆರೆಯವರು ಅವರನ್ನು ಶನಿವಾರದ ಗಾಣಿಗರು ಎಂಬರ್ಥದಲ್ಲಿ ಶನಿವಾರ ತೇಲಿಗಳೆಂದರು. ಮಂದಿರವಿರಲಿಲ್ಲ, ಧರ್ಮಶಾಸ್ತ್ರದ ಸುರುಳಿಯೂ ಇರಲಿಲ್ಲ. ಆದರೂ ಸಬ್ಬತ್, ಸುನ್ನತಿ ಮತ್ತು ದೇವರು ಒಬ್ಬನೇ ಎಂಬ ವಿಶ್ವಾಸದ ಪ್ರಾರ್ಥನೆಯನ್ನು ಅವರು ಬಿಡಲಿಲ್ಲ.

18ನೆಯ ಶತಮಾನದಲ್ಲಿ ಅವರಲ್ಲಿ ಹಲವರು ಮುಂಬಯಿಗೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿದರು. ಸಮಾಜಿಯೂ ಸೇರಿದ, ಸಿಪಾಯಿಗಳ ಮೇಲಿನ ಅಧಿಕಾರಿಯಾದ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರಿನೊಂದಿಗೆ ಕಂಪನಿ ನಡೆಸಿದ ಎರಡನೆಯ ಯುದ್ಧದಲ್ಲಿ (1780-84) ಆತ ಸೆರೆಸಿಕ್ಕಿದ. ಸೆರೆಯ ಕಷ್ಟ ನಮ್ಮವರಿಗೂ ಗೊತ್ತು. 1784ರಲ್ಲಿ ಕರಾವಳಿಯ ಸಾವಿರಾರು ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಹಲವರು ದಾರಿಯಲ್ಲೇ ತೀರಿಕೊಂಡರು. ಬದುಕುಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ.

ಸಮಾಜಿ ಉಳಿದ ಬಗೆಯನ್ನು ಬೆನೆ ಇಸ್ರೇಲಿನವರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ಸೆರೆಯಾಳುಗಳ ಕುಲ ವಿಚಾರಿಸಿದಾಗ ಇವರು ಬೆನೆ ಇಸ್ರೇಲ್ ಎಂದು ತಿಳಿಯಿತಂತೆ. ಕುರಾನಿನಲ್ಲಿ ಮತ್ತೆ ಮತ್ತೆ ಬರುವ ಆ ಹೆಸರನ್ನು ಕೇಳಿ ಟಿಪ್ಪುವಿನ ತಾಯಿ ಇವರ ಪ್ರಾಣ ಉಳಿಸಬೇಕೆಂದು ಮಗನಲ್ಲಿ ಬೇಡಿಕೊಂಡಳಂತೆ. ತಾನು ಜೀವಂತ ಮರಳಿದರೆ ತನ್ನ ಜನರಿಗೆ ಒಂದು ಪ್ರಾರ್ಥನಾ ಮಂದಿರ ಕಟ್ಟಿಸುವೆನೆಂದು ಆತ ದೇವರಿಗೆ ಹರಕೆ ಹೊತ್ತ.

ಇಲ್ಲಿ ಸ್ವಲ್ಪ ನಿಲ್ಲೋಣ. ಯೆಹೂದ್ಯನೊಬ್ಬನ ಹರಕೆಯ ಹಿಂದೆ ಒಂದು ದೊಡ್ಡ ಪರಂಪರೆ ಇದೆ. ಬಲಿಯರ್ಪಣೆಗೆ ಹಿಬ್ರೂ ಭಾಷೆಯಲ್ಲಿ ಕೊರ್ಬಾನ್ ಎನ್ನುತ್ತಾರೆ. ನಮ್ಮ ಸೀರೋ-ಮಲಬಾರ್ ಸಹೋದರರು ಬಲಿಪೂಜೆಯನ್ನು ಕುರ್ಬಾನ ಎನ್ನುವುದೂ ಇದೇ ಬೇರಿನಿಂದ. ಅದರ ಮೂಲಾರ್ಥ ಹತ್ತಿರ ಬರುವುದು. ದೇವರಿಗೆ ಹಸಿವಿಲ್ಲ, ಆತನಿಗೆ ಲಂಚ ಬೇಡ ಎಂಬುದನ್ನು ಕೀರ್ತನೆಗಳೂ ಪ್ರವಾದಿಗಳೂ ಸ್ಪಷ್ಟವಾಗಿ ಸಾರಿವೆ. ಬಲಿಯೆಂದರೆ ಹಾಗಾದರೆ ಬೆಲೆಯಲ್ಲ, ಹತ್ತಿರ ಬರುವವನು ಬರಿಗೈಯಲ್ಲಿ ಬಾರದಿರುವ ರೀತಿ. ಬಡವನಿಗೆ ಆಡುಕುರಿ ಇಲ್ಲದಿದ್ದರೆ ಎರಡು ಪಾರಿವಾಳ, ಅದೂ ಇಲ್ಲದಿದ್ದರೆ ಪಾಪಪರಿಹಾರಕ್ಕೆ ಹಿಡಿಹಿಟ್ಟೂ ಸಾಕೆಂದು ಯಾಜಕಕಾಂಡ ವಿಧಿಸುತ್ತದೆ. ಬಾಲಯೇಸುವನ್ನು ದೇವಾಲಯಕ್ಕೆ ತಂದ ಮರಿಯಮ್ಮ ಮತ್ತು ಜೋಸೆಫರು ಅರ್ಪಿಸಿದ್ದು ಆ ಬಡವರ ಹಕ್ಕಿಜೋಡಿಯನ್ನೇ.

ಯಾಜಕಕಾಂಡದ ಮೊದಲ 7 ಅಧ್ಯಾಯಗಳಲ್ಲಿ ಬಗೆಬಗೆಯ ಅರ್ಪಣೆಗಳಿವೆ. ದಹನಬಲಿ ಇಡಿಯಾಗಿ ದೇವರಿಗೆ. ಪಾಪಪರಿಹಾರದ ಬಲಿಯಲ್ಲಿ ಅರ್ಪಿಸಿದವನಿಗೆ ಪಾಲಿಲ್ಲ. ಆದರೆ ಶಾಂತಿಸಮಾಧಾನದ ಬಲಿ ಬೇರೆ ತೆರನಾದದ್ದು. ಕೊಬ್ಬು ಬಲಿಪೀಠದ ಮೇಲೆ, ಎದೆ ಮತ್ತು ಬಲತೊಡೆ ಯಾಜಕರಿಗೆ, ಉಳಿದದ್ದು ಅರ್ಪಿಸಿದವನ ಮನೆಯವರಿಗೆ ಮತ್ತು ನೆಂಟರಿಗೆ. ಕೃತಜ್ಞತೆಯ ಬಲಿ ಮತ್ತು ಹರಕೆಯ ಬಲಿ ಎರಡೂ ಈ ಬಗೆಗೇ ಸೇರುತ್ತವೆ. ಕೃತಜ್ಞತೆಯ ಬಲಿಯ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಹರಕೆಯದನ್ನು ಮರುದಿನದೊಳಗೆ. ಇದೇಕೆಂದು ಯೋಚಿಸಿದ್ದೀರಾ? ಇಡೀ ಪ್ರಾಣಿಯ ಮಾಂಸವನ್ನು ಒಂದೇ ಮನೆ ಒಂದೆರಡು ದಿನದಲ್ಲಿ ತಿನ್ನಲಾಗದು. ನೆರೆಹೊರೆಯವರನ್ನು ಕರೆಯಲೇಬೇಕು. ವಿಧವೆ, ತಬ್ಬಲಿ, ಆಳುಕಾಳುಗಳನ್ನು ಹಬ್ಬದ ಸಂತೋಷದಿಂದ ಹೊರಗಿಡಬಾರದೆಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ. ಹರಕೆ ತೀರಿಸುವವನು ತನ್ನ ಸಂತೋಷವನ್ನು ಬಚ್ಚಿಟ್ಟುಕೊಳ್ಳಬಾರದು ಎಂಬ ಪಾಠವನ್ನು ನಾನು ಇಲ್ಲಿ ಕಾಣುತ್ತೇನೆ.

ಸಮಾಜಿಯ ಹೆಸರಿನಲ್ಲೂ ಒಂದು ಹರಕೆ ಇತ್ತು. ಮಕ್ಕಳಿಲ್ಲದ ಹನ್ನಳು ಶಿಲೋವಿನಲ್ಲಿ ಅತ್ತು ಹರಕೆ ಹೊತ್ತು ಪಡೆದ ಮಗನೇ ಸಮುವೇಲ. ಆಕೆ ಮಗುವನ್ನು ತನಗಾಗಿ ಇಟ್ಟುಕೊಳ್ಳಲಿಲ್ಲ. ಹೋರಿ, ಹಿಟ್ಟು, ದ್ರಾಕ್ಷಾರಸದೊಂದಿಗೆ ತಂದು ದೇವರ ಆಲಯಕ್ಕೇ ಒಪ್ಪಿಸಿದಳು. ಆ ಮಗು ಇಡೀ ಇಸ್ರಯೇಲಿಗೆ ಪ್ರವಾದಿಯಾಯಿತು.

ಈಗ ಸಮಾಜಿಯ ಬಳಿಗೆ ಮರಳೋಣ. ಬಿಡುಗಡೆ ಹೊಂದಿ ಮುಂಬಯಿಗೆ ಬಂದ ಆತ ಯಾವ ಬಲಿಯನ್ನು ಅರ್ಪಿಸಬೇಕಿತ್ತು? ಯೆಹೂದ್ಯರ ಬಲಿಗೆ ಜೆರುಸಲೇಮಿನ ದೇವಾಲಯವೇ ಬೇಕು. ಅದು ಕ್ರಿ.ಶ. 70ರಲ್ಲಿ ರೋಮನರ ಕೈಯಲ್ಲಿ ನಾಶವಾಯಿತು. ಅಂದಿನಿಂದ ಯೆಹೂದ್ಯರು ಬಲಿಪೀಠದ ಬದಲು ಪ್ರಾರ್ಥನೆ, ಪಶ್ಚಾತ್ತಾಪ, ದಾನಧರ್ಮಗಳಿಂದ ದೇವರ ಹತ್ತಿರ ಬರುತ್ತಿದ್ದಾರೆ. ಮುಂದೊಂದು ಕಾಲದಲ್ಲಿ ಬಲಿಗಳೆಲ್ಲ ನಿಂತರೂ ಕೃತಜ್ಞತೆಯ ಬಲಿ ನಿಲ್ಲದು ಎಂದು ಅವರ ಹಿಂದಿನ ಗುರುಗಳು ಕಲಿಸಿದ್ದಾರೆ. ಹಾಗೆಂದೇ ಸಮಾಜಿಯ ಹರಕೆ ಪ್ರಾರ್ಥನೆಯ ಮನೆಯ ರೂಪ ತಾಳಿತು.

ಯುದ್ಧ ಮುಗಿದದ್ದು 1784ರಲ್ಲಿ, ಮಂದಿರ ಎದ್ದದ್ದು 1796ರಲ್ಲಿ. ನಡುವೆ 12 ವರ್ಷ. ಕಷ್ಟದಲ್ಲಿ ಕೊಟ್ಟ ಮಾತನ್ನು ಸುಖದಲ್ಲಿ ಮರೆಯಲು 12 ವಾರವೂ ಸಾಕೆಂದು ನಮಗೆಲ್ಲ ಗೊತ್ತು. ಆತ ಮರೆಯಲಿಲ್ಲ. ಮುಂಬಯಿಯ ಮಾಂಡವಿಯಲ್ಲಿ ಎದ್ದ ಆ ಸಭಾಮಂದಿರ ನಗರದ ಮೊತ್ತಮೊದಲ ಯೆಹೂದ್ಯ ಮಂದಿರ. ಅದರ ಹೆಸರು ಶಾರ್ ಹರಹಮೀಮ್, ಅಂದರೆ ಕರುಣೆಯ ಬಾಗಿಲು. ಮುಂಬಯಿ ರೈಲಿನಲ್ಲಿ ನೀವು ಕಾಣುವ ಮಸ್ಜಿದ್ ನಿಲ್ದಾಣಕ್ಕೆ ಆ ಹೆಸರು ಬಂದದ್ದೂ ಈ ಮಂದಿರದಿಂದಲೇ ಎಂದು ಹೇಳುವುದುಂಟು.

ಮಂದಿರ ಕಟ್ಟಿದ ಮೇಲೆ ಧರ್ಮಶಾಸ್ತ್ರದ ಸುರುಳಿ ಬೇಕಲ್ಲವೇ? ಅದನ್ನು ತರಲು ಸಮಾಜಿ ಕೊಚ್ಚಿಯ ಯೆಹೂದ್ಯರ ಬಳಿಗೆ ಹೋದ. 1797ರಲ್ಲಿ ಅಲ್ಲಿಯೇ ತೀರಿಕೊಂಡ. ಮಂದಿರಕ್ಕೆ ಇನ್ನೂ ಒಂದೆರಡು ವರ್ಷವೂ ತುಂಬಿರಲಿಲ್ಲ.

ನನ್ನ ಮನಸ್ಸು ನಿಲ್ಲುವುದು ಇಲ್ಲಿ. ಹರಕೆ ವ್ಯಾಪಾರವಾಗಿದ್ದರೆ ಸಮಾಜಿಗೆ ಮೋಸವಾಯಿತು ಎನ್ನಬೇಕಾಗುತ್ತಿತ್ತು. ಕೊಟ್ಟ ಮಾತನ್ನು ಪೂರ್ತಿ ನಡೆಸಿದವನಿಗೆ ದೀರ್ಘಾಯುಷ್ಯ ಸಿಗಲಿಲ್ಲ. ಅದೇ ಸೆರೆಗಳಲ್ಲಿ ಆತನಷ್ಟೇ ಭಕ್ತಿಯಿಂದ ಬೇಡಿದ ಎಷ್ಟೋ ಮಂದಿ ಮರಳಲೇ ಇಲ್ಲ. ಅವರ ಪ್ರಾರ್ಥನೆ ಕೀಳೆಂದು ಹೇಳುವ ಧೈರ್ಯ ಯಾರಿಗಿದೆ? ಹರಕೆ ಹತ್ತಿರ ಬರುವ ದಾರಿಯಾದರೆ, ಮರಳಿದವನೂ ಮರಳದವನೂ ಒಂದೇ ಬಾಗಿಲಲ್ಲಿ ನಿಂತವರು. ವರಾಂಡಾದಲ್ಲಿ ಅತ್ತ ಆ ಎರಡನೆಯ ತಾಯಿಯ ಹರಕೆಯಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಆ ರಾತ್ರಿ ಆಕೆ ದೇವರ ಹತ್ತಿರ ಬಂದಿದ್ದಳು. ತನ್ನ ಮಗನನ್ನು ಶಿಲುಬೆಯ ಮೇಲೆ ಕಂಡ ಮರಿಯಮ್ಮನೂ ಆಕೆಯ ಪಕ್ಕದಲ್ಲೇ ಇದ್ದಳು.

ಬೆನೆ ಇಸ್ರೇಲಿನವರಲ್ಲಿ ಮಲೀದಾ ಎಂಬ ಒಂದು ಆಚರಣೆ ಇಂದಿಗೂ ಇದೆ. ಹರಕೆ ತೀರಿದಾಗ, ಮದುವೆ ಮುಂತಾದ ಶುಭದಿನಗಳಲ್ಲಿ ಪ್ರವಾದಿ ಎಲೀಯನನ್ನು ನೆನೆದು ಒಂದು ತಟ್ಟೆ ಇಡುತ್ತಾರೆ. ಅದರಲ್ಲಿ ನೆನೆಸಿದ ಅವಲಕ್ಕಿ, ತುರಿದ ತೆಂಗು, ಸಿಹಿ, ಹಣ್ಣು. ದೇವರನ್ನು ಸ್ತುತಿಸಿ, ಬಂದವರೆಲ್ಲ ಅದನ್ನು ಹಂಚಿಕೊಂಡು ತಿನ್ನುತ್ತಾರೆ. ಬಲಿಪೀಠ ಇಲ್ಲವಾದರೂ ಜೊತೆಯಾಗಿ ಉಣ್ಣುವುದು ನಿಂತಿಲ್ಲ.

ನಮಗೆ ಬಲಿಪೀಠವೂ ಇದೆ, ಪಂಕ್ತಿಯೂ ಇದೆ. ಬಲಿಪೂಜೆಯನ್ನು ಗ್ರೀಕ್ ಭಾಷೆಯಲ್ಲಿ ಕರೆಯುವ ಯೂಖರಿಸ್ತಿಯ ಎಂಬ ಪದಕ್ಕೆ ಕೃತಜ್ಞತೆ ಎಂದೇ ಅರ್ಥ. ಪ್ರಭು ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿ, ಬಿಡುಗಡೆಯ ಮುನ್ನವೇ, ರೊಟ್ಟಿಯನ್ನು ತೆಗೆದುಕೊಂಡು ಕೃತಜ್ಞತೆ ಸಲ್ಲಿಸಿದರು. ಅದನ್ನು ಎಲ್ಲರಿಗೂ ಮುರಿದು ಕೊಟ್ಟರು.

ಆದ್ದರಿಂದ ಪ್ರಿಯ ಓದುಗರೇ, ಹರಕೆ ಹೊರುವಾಗ ಅವಸರ ಬೇಡ. ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಲೇಸೆಂದು ಪವಿತ್ರ ಗ್ರಂಥವೇ ತಿಳಿಸುತ್ತದೆ. ಕೊರ್ಬಾನ್ ಎಂಬ ನೆಪದಲ್ಲಿ ತಂದೆತಾಯಿಯ ಪಾಲನ್ನು ಕಸಿಯುವವರನ್ನು ಪ್ರಭು ಖಂಡಿಸಿದ್ದನ್ನು ನೆನಪಿಡಿ. ಮನೆಯ ಮುದುಕರ ಔಷಧಿಯ ಹಣದಲ್ಲಿ ಯಾತ್ರೆ ಹೋಗಬೇಡಿ.

ಹರಕೆ ತೀರಿಸುವ ದಿನ ಬಂದಾಗ, ಮೇಣದಬತ್ತಿ ಹಚ್ಚಿ ಬಲಿಪೂಜೆಯಲ್ಲಿ ಪಾಲ್ಗೊಂಡ ಮೇಲೆ, ಮನೆಯಲ್ಲಿ ಒಂದು ಎಲೆ ಹೆಚ್ಚು ಹಾಕಿ. ನಿಮ್ಮ ಜೊತೆ ಅದೇ ವರಾಂಡಾದಲ್ಲಿ ಕುಳಿತು ಜಪಸರ ಹಿಡಿದಿದ್ದ, ಮಗನನ್ನು ಕಳೆದುಕೊಂಡ ಆ ತಾಯಿಯನ್ನು ಊಟಕ್ಕೆ ಕರೆಯಿರಿ. ಆಕೆ ಬಂದು ಕುಳಿತಾಗ ನಿಮ್ಮ ಹರಕೆ ತೀರುತ್ತದೆ.