67ರಲ್ಲಿ ಚಿತ್ರ ಬರೆಯಲು ಕೂತ ಟ್ಯಾಗೋರ್: ನೊಬೆಲ್ ಕವಿಯ ಇಳಿವಯಸ್ಸಿನ ಕಥೆ

ರವೀಂದ್ರನಾಥ ಟ್ಯಾಗೋರ್ ಎಂದ ಕೂಡಲೇ ನೆನಪಾಗುವುದು ಬಿಳಿ ಗಡ್ಡ, ಉದ್ದ ನಿಲುವಂಗಿಯ ಗುರುದೇವ. ಶಾಲೆಯ ಗೋಡೆಯ ಮೇಲಿನ ಫೋಟೊದಲ್ಲಿ ಅವರು ಕಲಿಯಬೇಕಾದ್ದನ್ನೆಲ್ಲ ಕಲಿತು ಮುಗಿಸಿದ ಋಷಿಯಂತೆ ಕಾಣುತ್ತಾರೆ. ಆದರೆ ಗಡ್ಡ ಅಷ್ಟು ಬೆಳ್ಳಗಾದ ಮೇಲೆಯೇ ಅವರು ತಮಗೆ ಬಾರದ ವಿದ್ಯೆಯೊಂದನ್ನು ಹೊಸದಾಗಿ ಶುರು ಮಾಡಿದರು. ಅದು ಚಿತ್ರಕಲೆ.

1861ರ ಮೇ 7ರಂದು ಕೋಲ್ಕತ್ತದ ಜೋರಾಸಾಂಕೊ ಮನೆಯಲ್ಲಿ ಹುಟ್ಟಿದ ಅವರಿಗೆ ಶಾಲೆ ಒಗ್ಗಲಿಲ್ಲ. ಒಂದಾದ ಮೇಲೊಂದು ಶಾಲೆ ಬಿಟ್ಟರು. ಕಲಿತದ್ದೆಲ್ಲ ಹೆಚ್ಚಾಗಿ ಮನೆಯಲ್ಲೇ. ಆ ಮನೆಯಲ್ಲಿ ಚಿತ್ರಕಾರರಿಗೇನೂ ಬರವಿರಲಿಲ್ಲ. ಅಣ್ಣ ಜ್ಯೋತಿರಿಂದ್ರನಾಥ ಭಾವಚಿತ್ರ ಬರೆಯುತ್ತಿದ್ದರು. ಅಣ್ಣತಮ್ಮಂದಿರ ಸಾಲಿನ ಮಕ್ಕಳಾದ ಅವನೀಂದ್ರನಾಥ, ಗಗನೇಂದ್ರನಾಥ ಮುಂದೆ ದೇಶಕ್ಕೇ ಹೆಸರಾದ ಕಲಾವಿದರು. ರವೀಂದ್ರನಾಥರ ಕೈ ಮಾತ್ರ ಗೆರೆಗೆ ಬಗ್ಗಲಿಲ್ಲ. 1900ರಲ್ಲಿ, 39ನೇ ವಯಸ್ಸಿನಲ್ಲಿ, ಗೆಳೆಯ ಹಾಗೂ ವಿಜ್ಞಾನಿ ಜಗದೀಶಚಂದ್ರ ಬೋಸ್ ಅವರಿಗೆ ಬರೆದ ಪತ್ರದಲ್ಲಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡಿದ್ದಾರೆ. ಚಿತ್ರ ಬರೆಯಲು ಕೂತಿರುವುದಾಗಿಯೂ, ಅವೇನೂ ಪ್ಯಾರಿಸ್‌ನ ಪ್ರದರ್ಶನಕ್ಕೆ ಹೋಗುವಂಥವಲ್ಲ ಎಂದೂ, ಪೆನ್ಸಿಲ್‌ಗಿಂತ ರಬ್ಬರಿಗೇ ಕೆಲಸ ಜಾಸ್ತಿ ಎಂದೂ ಅದರಲ್ಲಿ ತಿಳಿಸಿದ್ದರು. ಆಮೇಲೆ ಆ ಹವ್ಯಾಸ ಹೆಚ್ಚು ದಿನ ನಡೆಯಲಿಲ್ಲ.

ನಂತರದ ವರ್ಷಗಳು ಸುಖದವಾಗಿರಲಿಲ್ಲ. 1902ರಲ್ಲಿ ಪತ್ನಿ ಮೃಣಾಲಿನಿ, ಮರುವರ್ಷ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರನಾಥ ತೀರಿಕೊಂಡರು. 1913ರಲ್ಲಿ ನೊಬೆಲ್ ಬಂತು. ಶಾಂತಿನಿಕೇತನದ ಶಾಲೆ ಬೆಳೆದು ವಿಶ್ವಭಾರತಿಯಾಯಿತು. 1919ರಲ್ಲಿ ಅಲ್ಲಿ ಕಲಾಭವನವೂ ಆರಂಭವಾಯಿತು, ಅದರ ಹೊಣೆ ನಂದಲಾಲ್ ಬೋಸ್ ಹೊತ್ತರು. ಇಷ್ಟಾದರೂ ಆ ಸಂಸ್ಥೆಯನ್ನು ಕಟ್ಟಿದವರಿಗೇ ಚಿತ್ರ ಬರೆಯಲು ಬರುತ್ತಿರಲಿಲ್ಲ.

ಕಾಟು ಹಾಕಿದ ಸಾಲುಗಳಿಂದ

1924ರ ಕೊನೆಯಲ್ಲಿ ಪೆರು ದೇಶಕ್ಕೆ ಹೊರಟಿದ್ದ ಟ್ಯಾಗೋರ್ ದಾರಿಯಲ್ಲೇ ಕಾಯಿಲೆ ಬಿದ್ದು ಅರ್ಜೆಂಟೀನಾದಲ್ಲಿ ಉಳಿಯಬೇಕಾಯಿತು. ಬ್ಯೂನಸ್ ಐರಿಸ್ ಸಮೀಪದ ಸ್ಯಾನ್ ಇಸಿಡ್ರೊದಲ್ಲಿ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರನ್ನು ಆರೈಕೆ ಮಾಡಿದರು. ಆಗ ಅವರು ಬರೆಯುತ್ತಿದ್ದುದು ಮುಂದೆ 'ಪೂರಬಿ' ಸಂಕಲನದಲ್ಲಿ ಸೇರಿದ ಕವಿತೆಗಳನ್ನು. ಬೇಡವಾದ ಪದಗಳಿಗೆ ಕಾಟು ಹಾಕಿ ಸುಮ್ಮನೆ ಬಿಡುವುದು ಅವರಿಗೆ ಆಗುತ್ತಿರಲಿಲ್ಲ. ಒಂದು ಕಾಟಿನಿಂದ ಇನ್ನೊಂದು ಕಾಟಿಗೆ ಗೆರೆ ಎಳೆದು ಸೇರಿಸುವರು. ಹಾಗೆ ಸೇರಿಸುತ್ತ ಹೋದಂತೆ ಪುಟದಲ್ಲಿ ಹಕ್ಕಿಯ ಕೊಕ್ಕು, ಯಾವುದೋ ಪ್ರಾಣಿಯ ಬೆನ್ನು, ಮುಖವಾಡದಂಥ ಮುಖ ಮೂಡುತ್ತಿದ್ದವು. ಒಕಾಂಪೊ ಅದನ್ನು ಗಮನಿಸಿ ಬೆರಗಾದರು.

ಅಂದರೆ ಚಿತ್ರಕಾರ ಟ್ಯಾಗೋರ್ ಹುಟ್ಟಿದ್ದು ತಿದ್ದುಪಡಿಯಿಂದ. ಸುದ್ದಿಮನೆಯಲ್ಲಿ ದಿನವಿಡೀ ಕಾಪಿ ತಿದ್ದುವವರಿಗೂ ಇದು ಸ್ವಲ್ಪ ಸಮಾಧಾನದ ಸಂಗತಿಯೇ.

ಬೆಂಗಳೂರಿನಲ್ಲಿ ತನ್ನನ್ನೇ ಬೈಸಿಕೊಂಡ ಕವಿ

ಕರ್ನಾಟಕ ಅವರಿಗೆ ಹೊಸದಲ್ಲ. 22ರ ಹರೆಯದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದುಕೊಂಡು 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದಿದ್ದರು. ಇಂದು ಅಲ್ಲಿನ ಕಡಲತೀರಕ್ಕೆ ಅವರದೇ ಹೆಸರಿದೆ. 1928ರಲ್ಲಿ ಮತ್ತೆ ಬಂದರು. ಆಕ್ಸ್‌ಫರ್ಡ್ ಉಪನ್ಯಾಸಕ್ಕೆಂದು ಹೊರಟವರಿಗೆ ಆರೋಗ್ಯ ಕೈಕೊಟ್ಟಿತ್ತು. ಆಗ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಅತಿಥಿಯಾಗಿ ಬೆಂಗಳೂರಿನಲ್ಲಿ ಉಳಿದರು.

ಬಂಗಾಳದ ಹೊಸ ತಲೆಮಾರಿನ ಲೇಖಕರು ಆ ಹೊತ್ತಿಗೆ ಟ್ಯಾಗೋರ್ ಕಾಲ ಮುಗಿಯಿತು ಎನ್ನತೊಡಗಿದ್ದರು. 67ರ ಹಿರಿಯರು ಅದಕ್ಕೆ ಕೊಟ್ಟ ಉತ್ತರ ತಮಾಷೆಯಾಗಿದೆ. ಬೆಂಗಳೂರಿನಲ್ಲಿ ಬರೆದು ಮುಗಿಸಿದ 'ಶೇಷೇರ್ ಕವಿತಾ' ಕಾದಂಬರಿಯ ನಾಯಕ ಅಮಿತ್ ಸಭೆಯಲ್ಲಿ ಎದ್ದು ನಿಂತು ಟ್ಯಾಗೋರರನ್ನೇ ಹಳಬರೆಂದು ಟೀಕಿಸುತ್ತಾನೆ. ಅವರಿಗಿಂತ ದೊಡ್ಡವನೆಂದು ಇನ್ನೊಬ್ಬ ಕವಿಯನ್ನು ಹೊಗಳುತ್ತಾನೆ. ಆ ಕವಿಯೂ ಕಲ್ಪಿತ. ತಮ್ಮ ಮೇಲಿನ ದೂರನ್ನೇ ಪಾತ್ರದ ಬಾಯಿಗೆ ಹಾಕಿ, ಅದೂ ಯುವಕರ ಹೊಸ ಭಾಷೆಯಲ್ಲಿ, ಬರೆದು ಕೊಟ್ಟರು.

ಚಿತ್ರಕಲೆ ಗೀಳಿನಂತೆ ಹಿಡಿದದ್ದೂ 1928ರ ಸುಮಾರಿಗೇ. ಪೆನ್ನು, ಶಾಯಿ, ಬಟ್ಟೆ ಚೂರು, ಬೆರಳು, ಕೆಲವೊಮ್ಮೆ ಹೂವಿನ ರಸ, ಕೈಗೆ ಸಿಕ್ಕಿದ್ದೆಲ್ಲ ಸಾಧನವೇ. ಬರೆದದ್ದು ಹೆಚ್ಚಾಗಿ ಕಾಗದದ ಮೇಲೆ. ಶೀರ್ಷಿಕೆ ಕೊಡಲು ಇಷ್ಟಪಡುತ್ತಿರಲಿಲ್ಲ. ಕೆಂಪು ಬಣ್ಣ ಗುರುತಿಸುವುದರಲ್ಲಿ ಅವರಿಗೆ ತೊಡಕಿತ್ತು ಎನ್ನುವುದು ಸಂಶೋಧಕರ ಅಭಿಪ್ರಾಯ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ನಮ್ಮ ಗಾದೆಗೆ ಅವರು ಪಕ್ಕಾ ಉದಾಹರಣೆಯಾಗಬೇಕಿತ್ತು. ಆದರೆ ಸಾಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು.

ಕೊನೆಗೂ ಪ್ಯಾರಿಸ್

1930ರ ಮೇ ತಿಂಗಳಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಎಲ್ಲಿ ಅಂತೀರಾ? ಪ್ಯಾರಿಸ್‌ನಲ್ಲಿ! ಓಡಾಡಿ ಏರ್ಪಾಡು ಮಾಡಿದವರು ಅದೇ ಒಕಾಂಪೊ. ಮುಂದೆ ಅದೇ ವರ್ಷ ಲಂಡನ್, ಬರ್ಲಿನ್, ಮ್ಯೂನಿಕ್, ಕೋಪನ್‌ಹೇಗನ್, ಮಾಸ್ಕೊ, ನ್ಯೂಯಾರ್ಕ್‌ಗಳಲ್ಲೂ ಚಿತ್ರಗಳು ಕಂಡವು. ಬರ್ಲಿನ್‌ನ ರಾಷ್ಟ್ರೀಯ ಗ್ಯಾಲರಿ ಐದು ಚಿತ್ರಗಳನ್ನು ಇಟ್ಟುಕೊಂಡಿತು. 1937ರಲ್ಲಿ ನಾಜಿಗಳು ಅವನ್ನು ಅಲ್ಲಿಂದ ತೆಗೆಸಿದರು.

ಇದರಲ್ಲಿ ಅಪಾಯವೂ ಇತ್ತು. ಜಗತ್ತೇ ಮೆಚ್ಚಿದ ಕವಿ ಬಾರದ ವಿದ್ಯೆಗೆ ಕೈಹಾಕಿ ನಗೆಪಾಟಲಾದರೆ, ಕಟ್ಟಿಕೊಂಡ ಹೆಸರೇ ಮಸುಕಾಗಬಹುದಿತ್ತು. ಆ ಅಳುಕು ಅವರಿಗೂ ಇತ್ತು ಎನಿಸುತ್ತದೆ. ಊರವರಿಗಿಂತ ಮೊದಲು ಹೊರಗಿನವರಿಗೆ ತೋರಿಸಿದರು. ಕೋಲ್ಕತ್ತದಲ್ಲಿ ದೊಡ್ಡ ಪ್ರದರ್ಶನವಾದದ್ದು 1932ರಲ್ಲಿ. ಕವಿತೆಯ ಮಾಧುರ್ಯವನ್ನು ಹುಡುಕಿಕೊಂಡು ಬಂದವರಿಗೆ ಅಲ್ಲಿ ಸಿಕ್ಕಿದ್ದು ವಿಚಿತ್ರ ಪ್ರಾಣಿಗಳು, ಕತ್ತಲು ಕವಿದ ಮುಖಗಳು. ದುಃಖ ತುಂಬಿದ ಆ ಹೆಣ್ಣುಮುಖಗಳನ್ನು ನೋಡಿದರೆ, ಇಳಿವಯಸ್ಸನ್ನು ಅವರು ಬರೀ ನಗುನಗುತ್ತಾ ಕಳೆದರು ಎಂದು ಹೇಳಲು ಬಾಯಿ ಬರುವುದಿಲ್ಲ. 1932ರಲ್ಲೇ ಮೊಮ್ಮಗ ನಿತೀಂದ್ರನಾಥ ಜರ್ಮನಿಯಲ್ಲಿ 20ರ ಆಸುಪಾಸಿನಲ್ಲಿ ತೀರಿಕೊಂಡ.

ಅದೇ ವರ್ಷ ಅವರು ವಿಮಾನವೇರಿ ಇರಾನ್‌ಗೆ ಹೋಗಿ ಬಂದಿದ್ದರು. 71ನೇ ಹುಟ್ಟುಹಬ್ಬ ತೆಹ್ರಾನ್‌ನಲ್ಲಿ ಆಯಿತು.

76ರಲ್ಲಿ ಅಣು, ನಕ್ಷತ್ರ

ಬಾಲ್ಯದಲ್ಲಿ ಡಾಲ್‌ಹೌಸಿಯ ಬೆಟ್ಟದಲ್ಲಿ ತಂದೆ ನಕ್ಷತ್ರ ತೋರಿಸಿದ್ದು ಅವರ ತಲೆಯಿಂದ ಹೋಗಿರಲಿಲ್ಲ. ಮಕ್ಕಳಿಗೆ ಬಂಗಾಳಿಯಲ್ಲಿ ಸರಳ ವಿಜ್ಞಾನದ ಪುಸ್ತಕ ಬೇಕೆಂದು ಶಾಂತಿನಿಕೇತನದ ಅಧ್ಯಾಪಕರೊಬ್ಬರಿಗೆ ಬರೆಯಲು ಹೇಳಿದ್ದರು. ತಿದ್ದುತ್ತ ತಿದ್ದುತ್ತ ಅದು ಅವರದೇ ಪುಸ್ತಕವಾಯಿತು. 1937ರಲ್ಲಿ ಬಂದ 'ವಿಶ್ವ ಪರಿಚಯ'ದಲ್ಲಿ ಪರಮಾಣುವಿನಿಂದ ಹಿಡಿದು ಸೌರಮಂಡಲದವರೆಗೆ ವಿವರಣೆಯಿದೆ. ಅದನ್ನು ಅರ್ಪಿಸಿದ್ದು ತಮಗಿಂತ 32 ವರ್ಷ ಚಿಕ್ಕವರಾದ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಅವರಿಗೆ. ಆ ವರ್ಷವೇ ಅವರು ತೀವ್ರ ಕಾಯಿಲೆಯಿಂದ ಪ್ರಜ್ಞೆ ತಪ್ಪಿ ಬದುಕಿ ಬಂದರು.

ಹಣದ ತಾಪತ್ರಯ ಬೇರೆ. ವಿಶ್ವಭಾರತಿ ನಡೆಸಲು 75ರ ಸಮೀಪದಲ್ಲೂ ನೃತ್ಯನಾಟಕದ ತಂಡ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. 1936ರಲ್ಲಿ ದೆಹಲಿಗೆ ಬಂದಾಗ ಅವರ ಸ್ಥಿತಿ ಕಂಡು ಮರುಗಿದ ಗಾಂಧೀಜಿ, ದಾನಿಗಳಿಂದ 60,000 ರೂಪಾಯಿ ಕೊಡಿಸಿ ಪ್ರವಾಸ ನಿಲ್ಲಿಸಿ ಮನೆಗೆ ಹೋಗುವಂತೆ ಮಾಡಿದರು. ಪ್ರವಾಸ ನಿಂತರೂ ಕೆಲಸ ನಿಲ್ಲಲಿಲ್ಲ. 'ಚಂಡಾಲಿಕಾ' ನೃತ್ಯನಾಟಕವಾಗಿ ಹೊಸ ರೂಪ ಪಡೆದದ್ದು 1938ರಲ್ಲಿ, 'ಶ್ಯಾಮಾ' 1939ರಲ್ಲಿ.

1940ರ ಸೆಪ್ಟೆಂಬರಿನಲ್ಲಿ ಕಾಲಿಂಪಾಂಗ್‌ನಲ್ಲಿ ಮತ್ತೆ ಕುಸಿದರು. ಆಮೇಲೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಬೆರಳು ಸೋತಾಗ ಬಾಯಲ್ಲಿ ಹೇಳಿ ಬರೆಸಿದರು. ರೋಗಶಯ್ಯೆಯ ಮೇಲೆಯೇ ಹಲವು ಸಂಕಲನಗಳಾದವು.

1941ರ ಜುಲೈ 30ರಂದು ಜೋರಾಸಾಂಕೊ ಮನೆಯಲ್ಲೇ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಆ ದಿನ ಬೆಳಿಗ್ಗೆ ಒಂದು ಕವಿತೆ ಹೇಳಿ ಬರೆಸಿದರು. ಅದರಲ್ಲಿ ಸ್ವಲ್ಪ ಗೊಂದಲ ಉಳಿದಿದೆ, ಗುಣವಾದ ಮೇಲೆ ಸರಿಪಡಿಸಿದರಾಯಿತು ಎಂದುಕೊಂಡಿದ್ದರು. ಶಸ್ತ್ರಚಿಕಿತ್ಸೆಯ ನಂತರ ಚೇತರಿಕೆ ಕಾಣಲಿಲ್ಲ. ಆಗಸ್ಟ್ 7ರಂದು ತೀರಿಕೊಂಡರು. ಕವಿತೆ ತಿದ್ದದೆ ಹಾಗೇ ಉಳಿಯಿತು.