ಮಂಜು ಬರೆದ ಕೈ ಕೋರ್ಟಿನ ಮೆಟ್ಟಿಲು ಹತ್ತಿತು

ಉಬ್ರಾಣಿಯಿಂದ ಚನ್ನಗಿರಿ ಕಡೆ ಬೆಳಗಿನ ಬಸ್ಸು ಹಿಡಿಯುವವರು ಚಳಿಗಾಲದಲ್ಲಿ ಕಿಟಕಿಯಾಚೆ ಒಂದ್ಸಲ ಕಣ್ಣು ಹಾಯಿಸಬೇಕು. ಹತ್ತಿರದ ಅಡಿಕೆ ಮರ ಕಪ್ಪಗೆ, ಅದರಾಚೆಯ ತೋಟ ಬೂದಿ ಬಣ್ಣ, ಇನ್ನೂ ಆಚೆಯ ಗುಡ್ಡ ತಿಳಿನೀಲಿ. ನಡುವೆ ಕಂಬಳಿ ಹೊದ್ದು ಒಬ್ಬಾತ ನಡೆದು ಹೋಗ್ತಿದ್ದರೆ ಗುಡ್ಡ ಎಷ್ಟು ದೂರ ಅನ್ನೋದು ಆಗ ಗೊತ್ತಾಗುತ್ತೆ. ಇಷ್ಟನ್ನೂ ಒಂದು ಹಾಳೆ ಕಾಗದದ ಮೇಲೆ ತರೋದು ಹುಡುಗಾಟವಲ್ಲ. ಅದನ್ನು ತಂದವರು ಮೈಸೂರಿನ ಕೆ. ವೆಂಕಟಪ್ಪ.

ಹುಟ್ಟಿದ್ದು 1886ರಲ್ಲಿ, ಚಿತ್ರಗಾರರ ಮನೆತನದಲ್ಲಿ. ಕೈಗುಣ ನೋಡಿ ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಕಲ್ಕತ್ತೆಗೆ ಕಳಿಸಿದರು. ಗುರು ಅವನೀಂದ್ರನಾಥ ಠಾಕೂರರು, ಜೊತೆಗಾರ ನಂದಲಾಲ್ ಬೋಸ್. ಅಲ್ಲಿ ಕಲಿತದ್ದು ವಾಶ್ ಪದ್ಧತಿ. ಬಣ್ಣ ಹಚ್ಚೋದು, ಕಾಗದವನ್ನು ನೀರಲ್ಲಿ ತೊಳೆಯೋದು, ಒಣಗಿಸಿ ಮತ್ತೆ ಹಚ್ಚೋದು. ತೊಳೆದಷ್ಟೂ ಗೆರೆ ಕರಗಿ ದೂರ ಹುಟ್ಟುತ್ತೆ. ಅಲ್ಲಿದ್ದಾಗ ಬರೆದದ್ದು ರಾಮಾಯಣದ ಚಿತ್ರಗಳು. ಅಲ್ಲಿ ಮನುಷ್ಯರದೇ ದರ್ಬಾರು.

ಊರಿಗೆ ಮರಳಿದ ಮೇಲೆ ವೀಣೆಯ ಹುಚ್ಚು ಹತ್ತಿತು. ವೀಣೆ ಶೇಷಣ್ಣನವರ ಶಿಷ್ಯರಾದರು, ಕುಂಚ ಮೂಲೆ ಸೇರಿತು. ಕೊನೆಗೆ ಆ ಹುಚ್ಚನ್ನೇ ಒಂದು ಚಿತ್ರ ಮಾಡಿಟ್ಟರು!

ಆಮೇಲೆ ಊಟಿ, ಕೊಡೈಕನಾಲ್. ಈ ಚಿತ್ರಗಳಲ್ಲಿ ಮನುಷ್ಯ ಹೆಚ್ಚುಕಮ್ಮಿ ಮಾಯ. ಮೋಡ, ಕೆರೆ, ಬೆಟ್ಟ, ಬೆಳದಿಂಗಳು, ಅಷ್ಟೆ. ಅಳತೆಗೆ ಒಂದು ಆಳೂ ಇಲ್ಲದೆ ಮೈಲಿಗಟ್ಟಲೆ ದೂರವನ್ನು ಬರೀ ಬಣ್ಣದ ತೆಳುವಿನಲ್ಲಿ ತೋರಿಸಿದರಲ್ಲ, ಅದೇ ಅವರ ದೊಡ್ಡಸ್ತಿಕೆ.

ಅರಮನೆಗೆ ಗಾರೆಯ ಉಬ್ಬುಶಿಲ್ಪಗಳನ್ನೂ ಮಾಡಿಕೊಟ್ಟರು. 1940ರಲ್ಲಿ ಒಡೆಯರು ತೀರಿಕೊಂಡರು, ಆಸರೆ ತಪ್ಪಿತು. ವೆಂಕಟಪ್ಪ ಬೆಂಗಳೂರು ಸೇರಿದರು. ಮಾಡಿದ ಕೆಲಸಕ್ಕೆ ಬರಬೇಕಾದ ಹಣ ಬಂದಿಲ್ಲವೆಂದು ದಾವೆ ಹೂಡಿದರು. ಅಂಗಡಿ ಇಟ್ಟವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಮಾಲು ಒಳಗೆ ಹೋದ ಮೇಲೆ ರೇಟಿನ ತಕರಾರು ಎದ್ದರೆ ಏನಾಗುತ್ತೆ? ಅದೂ ಕಲಾವಿದನ ಬೆಲೆಯನ್ನು ದಿನಗೂಲಿಯ ತಕ್ಕಡಿಯಲ್ಲಿ ತೂಗೋದು ಹೇಗೆ? ತೀರ್ಪು ಅವರ ಪರ ಬರಲಿಲ್ಲ.

ಮದುವೆಯಾಗಲಿಲ್ಲ. ಚಿತ್ರ ಮಾರುವ ಆತುರವೂ ಇರಲಿಲ್ಲ. 1965ರಲ್ಲಿ ತೀರಿಕೊಂಡರು. ಆಮೇಲೆ ಸರ್ಕಾರ ಅವರ ಹೆಸರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಚಿತ್ರಶಾಲೆ ಕಟ್ಟಿಸಿತು. ಫೈಲು ಹಿಡಿದು ವಿಧಾನಸೌಧಕ್ಕೆ ಹೋಗುವವರಿಗೆ ದೂರವೇನಲ್ಲ, ಕಬ್ಬನ್ ಪಾರ್ಕು ದಾಟಿದರೆ ಆ ಬದಿಗೇ ಇದೆ.